ಕೋಟೆ ಹೊಲದ ಕೂಸು

ನನ್ನ ದನಿ ಚೆನ್ನಾಗಿದೆ ಎಂದು ಮೊಟ್ಟಮೊದಲು ಹೇಳಿದ ಪುಣ್ಯಾತ್ಮ ಜೂಲಿಯನ್. ಅಲ್ಲಿಯವರೆಗೆ ಎಲ್ಲರೂ ನನ್ನ ಬಾಯಿ ಜೋರು ಅಂತ ಮಾತ್ರ ಹೇಳುತ್ತಿದ್ದರು. ಹೇರ್‌ಲಾ ಕೋಟೆಯ ಮ್ಯೂಸಿಯಮ್ಮಿಗೆ ಅವನು ಮುಖ್ಯಸ್ಥ. ನಾನು ಟಿಕೆಟ್ ಕೊಡುವವಳು, ಟೀ ಕಾಯಿಸುವವಳು, ಶಾಲೆಯ ಮಕ್ಕಳು ಕಲ್ಲಿನ ಮೇಲೆ ಹತ್ತಿದರೆ ಗದರುವವಳು. ಬೆಟ್ಟದ ಏಣಿನ ಮೇಲೆ ಸುಮಾರು ಎರಡು ಸಾವಿರ ವರ್ಷದ ಹಿಂದಿನ ರೋಮನ್ನರ ಗೋಡೆ, ಗೋಡೆಗೆ ಅಂಟಿಕೊಂಡು ಕೋಟೆಯ ಅಡಿಪಾಯ, ಅದರ ಪಕ್ಕದ ಎರಡು ಕೋಣೆಗಳಲ್ಲಿ ನಾವು. ಜನವರಿಯಲ್ಲಿ ಕುರಿಗಳು ಕೂಡ ನಮ್ಮ ಕಡೆ ತಲೆ ಹಾಕುವುದಿಲ್ಲ.

ಆ ವರ್ಷ ಮ್ಯೂಸಿಯಮ್ಮಿನ ವಸ್ತುಗಳನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕುವ ಕೆಲಸ ಶುರುವಾಯಿತು. ಬೆಟ್ಟ ಹತ್ತಲಾಗದವರು, ಗಾಲಿಕುರ್ಚಿಯಲ್ಲಿರುವವರು, ಕಣ್ಣು ಮಂಜಾದವರು ಮನೆಯಲ್ಲೇ ಕೂತು ನೋಡುವಂತಾಗಬೇಕು ಎಂಬುದು ಜೂಲಿಯನ್‌ನ ಹಟ. ಒಂದೊಂದನ್ನೂ ಶುಚಿ ಮಾಡಿ, ತಿರುಗುವ ತಟ್ಟೆಯ ಮೇಲಿಟ್ಟು, ಸುತ್ತಲೂ ಫೋಟೊ ತೆಗೆದ. ಪರದೆಯ ಮೇಲೆ ಬೆರಳಾಡಿಸಿದರೆ ಸಾಕು, ಈಟಿಯ ಮೊನೆಯಾಗಲಿ ಚಪ್ಪಲಿಯಾಗಲಿ ಹಿಂದೆ ಮುಂದೆ ತಿರುಗುತ್ತಿತ್ತು. ಉಂಗುರವನ್ನು ಬಂಡಿಯ ಚಕ್ರದಷ್ಟು ದೊಡ್ಡದು ಮಾಡಿ ನೋಡಬಹುದಿತ್ತು. ಕಣ್ಣು ಕಾಣದವರಿಗಾಗಿ ಪ್ರತಿಯೊಂದಕ್ಕೂ ದನಿ ಸೇರಿಸಿದೆವು. ಬರೆದದ್ದು ಜೂಲಿಯನ್, ಓದಿದ್ದು ನಾನು.

ಎಲ್ಲರೂ ಮೊದಲು ಒತ್ತುತ್ತಿದ್ದದ್ದು ಮೂಲೆಯ ಗಾಜಿನ ಪೆಟ್ಟಿಗೆಯ ಚಿತ್ರವನ್ನೇ. ಅದರೊಳಗೆ ಒಂದು ಹಸುಗೂಸಿನ ಮೂಳೆಗಳಿದ್ದವು. ಎಪ್ಪತ್ತೊಂದನೇ ಇಸವಿಯಲ್ಲಿ ಯೂನಿವರ್ಸಿಟಿಯ ಹುಡುಗರು ಕೋಟೆಯೊಳಗಿನ ಸೈನಿಕರ ವಸತಿಯ ಮೂಲೆಯಲ್ಲಿ ಅಗೆದಾಗ ಸಿಕ್ಕಿದ್ದು. ಸಿಕ್ಕ ಹಾಗೆಯೇ, ಮಗ್ಗುಲಾಗಿ ಮಲಗಿಸಿದ್ದರು. ಎದೆಯ ಹತ್ತಿರ ಹೊದಿಕೆಗೆ ಸಿಕ್ಕಿಸುವ ಕಂಚಿನ ಪಿನ್ನು. ಅಂಥ ಪಿನ್ನುಗಳು ನಮ್ಮಲ್ಲಿ ತಟ್ಟೆಗಟ್ಟಲೆ ಇವೆ, ಎಲ್ಲವೂ ಒಂದೇ ಮುಖ. ಶಾಲೆಯ ಮಕ್ಕಳು ಕೂಸಿಗೆ ಲಿವಿಯಾ ಎಂದು ಹೆಸರಿಟ್ಟಿದ್ದರು. ನಾನು ದಿನಾ ಬೆಳಗ್ಗೆ ಗಾಜು ಒರೆಸುವಾಗ 'ಎದ್ದೆಯೇನೇ ಲಿವಿಯಾ' ಅನ್ನುತ್ತಿದ್ದೆ.

ನಾನು ಓದಿದ್ದು ಹೀಗಿತ್ತು: 'ಈ ಕೂಸನ್ನು ಊರ ಹೊರಗಿನ ಸ್ಮಶಾನದಲ್ಲಿ ಹೂಳದೆ, ಗುಟ್ಟಾಗಿ ವಸತಿಯ ನೆಲದಡಿ ಹೂತಿದ್ದಾರೆ. ಬಹುಶಃ ಇದು ಯಾರಿಗೂ ಬೇಡವಾದ ಮಗು. ಹೊದಿಕೆಯ ಪಿನ್ನು ಎರಡನೇ ಶತಮಾನದ್ದು. ಅದರ ಮುಳ್ಳು ಮುರಿದಾಗ ಯಾರೋ ಸೈನಿಕನ ಹೆಂಡತಿ ಹೊಲಿಗೆ ಸೂಜಿ ಹಾಕಿ ಸರಿಮಾಡಿಕೊಂಡಿದ್ದಾಳೆ.' ಬೇಡವಾದ ಮಗು ಎನ್ನುವಲ್ಲಿ ಸ್ವಲ್ಪ ಮರುಕ ಇರಲಿ ಎಂದು ಜೂಲಿಯನ್ ಮತ್ತೆ ಮತ್ತೆ ಓದಿಸಿದ. ನಾನೂ ಕಡಿಮೆಯವಳಲ್ಲ, ಮರುಕ ಸುರಿದೆ. ಎಲ್ಲೆಲ್ಲಿಯವರೋ ಕೆಳಗೆ ಬರೆಯತೊಡಗಿದರು. ಇಂಥ ತಾಯಂದಿರೂ ಇರುತ್ತಾರಾ ಎಂದು ಒಬ್ಬಳು. ನಾಯಿ ಕೂಡ ಮರಿಯನ್ನು ಹೀಗೆ ಬಿಸಾಡುವುದಿಲ್ಲ ಎಂದು ಇನ್ನೊಬ್ಬ. ನಾನು ಅದನ್ನೆಲ್ಲ ಓದಿ, ನನ್ನ ದನಿಗೆ ಇಷ್ಟು ಶಕ್ತಿ ಇದೆಯಲ್ಲ ಎಂದು ಒಳಗೊಳಗೇ ಬೀಗಿದೆ.

ನಮ್ಮ ಕಡೆ ಒಂದು ಅಭ್ಯಾಸವಿದೆ. ಕೋಟೆ ಹೊಲದಿಂದ ಏನು ಮೇಲೆ ಬಂದರೂ ರೋಮನ್ನರದ್ದು ಎಂದೇ ಹಿಡಿಯುತ್ತೇವೆ. ಕಲ್ಲು ಬಂದರೆ ಹಂದಿಗೂಡಿನ ಗೋಡೆಗೆ ಹೋಗುತ್ತದೆ, ಚೂರುಪಾರು ಬಂದರೆ ಕಿಟಕಿಯ ಅಂಚಿಗೆ. ಅಮ್ಮ ಬಾಗಿಲಿಗೆ ಅಡ್ಡ ಇಡುವುದು ರೋಮನ್ ಸೈನಿಕರ ಬೀಸುಕಲ್ಲು. ಅಪ್ಪ ವಿಲ್ಫ್ ಹೆಡ್ಲಿ ಆ ಹೊಲವನ್ನು ಗುತ್ತಿಗೆಗೆ ಹಿಡಿದು ಕುರಿ ಮೇಯಿಸುತ್ತಿದ್ದವನು. ಗಟ್ಟಿಮುಟ್ಟಾಗಿದ್ದಾಗಲೇ ಕುರಿ ಬಿಟ್ಟು, ಮ್ಯೂಸಿಯಮ್ಮಿನ ಹುಲ್ಲು ಕತ್ತರಿಸುವ, ಸಂಜೆ ಬೀಗ ಹಾಕುವ ಕೆಲಸಕ್ಕೆ ಸೇರಿಕೊಂಡ. ಊರಿನವರು ರೋಮನ್ನರ ಮಾಲಿ ಎಂದು ರೇಗಿಸಿದರು. ಅಪ್ಪ ನಕ್ಕು ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಊಟಕ್ಕೆ ಕೂತಾಗಲೂ ಟೋಪಿ ತೆಗೆಯದ ಮನುಷ್ಯ ಅವನು. ಮಂಡಿ ಸೋತು ನಡೆಯಲಾಗದವರೆಗೂ ಆ ಬೀಗದ ಕೈ ಯಾರಿಗೂ ಬಿಟ್ಟುಕೊಡಲಿಲ್ಲ. ಈಗ ಅವನು ತೀರಿಕೊಂಡು ಬಹಳ ವರ್ಷವಾಯಿತು.

ಅಮ್ಮ ಎಸ್ತರ್ ಮಾತ್ರ ಮ್ಯೂಸಿಯಮ್ಮಿನ ಹೊಸ್ತಿಲು ತುಳಿದವಳಲ್ಲ. ಇಲ್ಲಿಯ ಫಾರ್ಮಿನವರು ಯಾರೂ ಹೋಗುವುದಿಲ್ಲ ಬಿಡಿ. ತೊಂಬತ್ತರ ಹತ್ತಿರ ಬಂದ ಅವಳ ಕಣ್ಣಿನ ನಡುಭಾಗ ಪೂರ್ತಿ ಮಸುಕಾಗಿದೆ. ಏನನ್ನು ನೋಡಬೇಕಾದರೂ ಕೋಳಿಯ ಹಾಗೆ ಕತ್ತು ಓರೆ ಮಾಡುತ್ತಾಳೆ. ಕಣ್ಣು ಮಂಜಾದವರು ಯಾರಾದರೂ ಬಳಸಿ ನೋಡಿ ಹೇಳಬೇಕು ಎಂದು ಜೂಲಿಯನ್ ಅಂದಾಗ ನನಗೆ ಅಮ್ಮನೇ ನೆನಪಾದಳು. ಭಾನುವಾರ ದೊಡ್ಡ ಪರದೆಯ ಟ್ಯಾಬ್ಲೆಟ್ ಹಿಡಿದುಕೊಂಡು ಅವಳ ಮನೆಗೆ ಹೋದೆ.

"ನಾನ್ಯಾಕೆ ನೋಡ್ಲಿ ಅದನ್ನ? ಅದ್ರ ಮೇಲೇ ಕುರಿ ಮೇಯಿಸಿದ್ದೀನಿ," ಅಂದಳು.

"ನಿನ್ನಂಥ ಕುರುಡಿಗೇ ಮಾಡಿರೋದು ಕಣಮ್ಮ. ಗೊಣಗ್ದೆ ನೋಡು."

"ಕುರುಡಿ ಅಂತೆ. ನಿನ್ನ ಸ್ಕರ್ಟಿನ ಮೇಲೆ ಮೊಟ್ಟೆ ಬಿದ್ದಿರೋದು ಕಾಣುತ್ತೆ ನಂಗೆ."

ಹಂದಿಮಾಂಸ ಇಟ್ಟ ದಪ್ಪ ಬನ್ನು ತಿನ್ನುತ್ತ ಕೂತೆವು. ಒಂದೊಂದನ್ನೇ ತೋರಿಸಿದೆ. ಚಪ್ಪಲಿ ನೋಡಿ, "ನಿಮ್ಮಪ್ಪನ ಥರಾನೇ ಇದ್ದಾನೆ ಇವನೂ, ಹಿಮ್ಮಡಿ ಸವೆಸಿದ್ದಾನೆ," ಎಂದು ನಕ್ಕಳು. ದೇವರ ವಿಗ್ರಹದ ಮೂಗು ಮುರಿದಿದ್ದಕ್ಕೆ ಅಯ್ಯೋ ಪಾಪ ಅಂದಳು. ಇಷ್ಟು ಸುಲಭಕ್ಕೆ ಒಪ್ಪಿಕೊಂಡಳಲ್ಲ ಎಂದು ನನಗೆ ಖುಷಿ. ಕಡೆಯಲ್ಲಿ, ನನ್ನ ಹೆಮ್ಮೆಯದ್ದು ಕೇಳಲಿ ಎಂದು, ಲಿವಿಯಾಳನ್ನು ಒತ್ತಿದೆ. ಕೋಣೆಯಲ್ಲಿ ನನ್ನದೇ ದನಿ ಮರುಕ ಸುರಿಸುತ್ತ ಹೊರಟಿತು.

ಅಮ್ಮ ತಿನ್ನುವುದನ್ನು ನಿಲ್ಲಿಸಿದಳು.

"ಇನ್ನೊಂದ್ ಸಲ ಹಾಕು."

ಹಾಕಿದೆ. ಚೆನ್ನಾಗಿ ಓದಿದ್ದೀಯ ಅನ್ನುತ್ತಾಳೆ ಎಂದು ಕಾದೆ.

"ಆ ಪಿನ್ನು ತೋರ್ಸು. ಹಿಂದಕ್ಕೆ ತಿರುಗ್ಸು. ದೊಡ್ಡದ್ ಮಾಡು. ಇನ್ನೂ ದೊಡ್ಡದು."

ಪಿನ್ನಿನ ಹಿಂಬದಿ ಪರದೆಯ ತುಂಬ ಬಂತು. ಕಂಚಿನ ಬೆನ್ನು, ಅದಕ್ಕೆ ಸುತ್ತಿದ ಕಬ್ಬಿಣದ ಸೂಜಿ. ಈಚೆಗೆ ತುಕ್ಕು ತೆಗೆದಿದ್ದರಿಂದ ಸೂಜಿಯ ಕಣ್ಣು ಸ್ಪಷ್ಟವಾಗಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಪಿನ್ನು ಅಷ್ಟು ವರ್ಷವೂ ಮುಖ ಮೇಲಾಗಿ ಮಲಗಿತ್ತು, ಜೂಲಿಯನ್ ಶುಚಿ ಮಾಡಿ ಫೋಟೊ ತೆಗೆಯುವವರೆಗೆ ಬೆನ್ನನ್ನು ಯಾರೂ ಗಮನಿಸಿರಲಿಲ್ಲ. ಅಮ್ಮ ಕತ್ತು ಓರೆ ಮಾಡಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿದಳು.

"ಎಡಕ್ಕೆ ಸುತ್ತಿದ್ದಾನೆ," ಅಂದಳು.

"ಯಾರು?"

"ನಿಮ್ಮಪ್ಪ."

ಮುದುಕಿಗೆ ಅರಳುಮರಳು ಶುರುವಾಯಿತು ಎಂದುಕೊಂಡೆ. ಟ್ಯಾಬ್ಲೆಟ್ ಎತ್ತಿಕೊಳ್ಳಲು ಹೋದೆ. ಅವಳು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಮೊಲ ಬಗೆದ ಮಣ್ಣಲ್ಲಿ ಸಿಕ್ಕಿದ್ದು. ಮುಳ್ಳು ಇರ್ಲಿಲ್ಲ. ಕಾಲುಚೀಲ ಹೊಲಿಯೋ ನನ್ನ ದಪ್ಪ ಸೂಜೀನ ಒಲೇಲಿ ಕೆಂಪಗೆ ಕಾಯ್ಸಿ ಸುತ್ತಿಕೊಟ್ಟ. ಎಡಗೈಯವನಲ್ವಾ, ಎಡಕ್ಕೇ ಸುತ್ತಿದ. ಉಂಗುರ ತಗೊಳೋ ಯೋಗ್ಯತೆ ಇಲ್ಲ ಎಸ್ತರ್, ಇದನ್ನ ಇಟ್ಕೊ ಅಂದ. ಸೂಜಿ ಕಣ್ಣು ಯಾಕೆ ಹಾಗೇ ಬಿಟ್ಟೆ ಅಂತ ನಾನು ಕೇಳಿದ್ರೆ, ದಾರ ಪೋಣಿಸಿ ಕಟ್ಕೊ, ನೀನು ಕಳ್ಕೊಳ್ಳೋಳು ಅಂದ."

"ಅಮ್ಮ, ಅಂಥ ಪಿನ್ನು ನೂರಾರಿವೆ. ಸೂಜಿ ರೋಮನ್ನರ ಹತ್ರಾನೂ ಇತ್ತು. ಆ ಕೂಸಿನ ಮೈಮೇಲೆ ನಿನ್ನ ಪಿನ್ನು ಹೇಗೆ ಬರುತ್ತೆ?"

"ನಾನೇ ಸಿಕ್ಕಿಸ್ದೆ."

ನನಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದೇ ಇರಲಿ ಎಂದು ಮನಸ್ಸು ಹಟ ಹಿಡಿದಿತ್ತು ಅಂತ ಈಗ ಅನ್ನಿಸುತ್ತದೆ. ಅಮ್ಮ ಕಿಟಕಿಯ ಕಡೆ ಮುಖ ಮಾಡಿ, ಸಂತೆಯಲ್ಲಿ ಕುರಿ ಮಾರಿದ ಸುದ್ದಿ ಹೇಳುವವಳಂತೆ ಹೇಳಿದಳು.

"ನಿನಗಿಂತ ಮುಂಚೆ ಒಬ್ಳು ಇದ್ಲು. ಅರವತ್ತಮೂರರ ಹಿಮ. ಗೋಡೆಯೆಲ್ಲ ಹೂತುಹೋಗಿತ್ತು, ಡಾಕ್ಟರ್ ಬರೋಕಾಗ್ಲಿಲ್ಲ. ಪಕ್ಕದ ಫಾರ್ಮಿನ ಬೆಸ್ಸಿ ಹೇಗೋ ಬಂದು ಹೆರಿಗೆ ಮಾಡ್ಸಿದ್ಲು. ಉಸಿರೇ ಇರ್ಲಿಲ್ಲ. ನಂಗೆ ಮುಖಾನೂ ತೋರಿಸ್ಲಿಲ್ಲ. ನೋಡಿದ್ರೆ ಮರೆಯೋಕಾಗಲ್ಲ ಅಂದ್ರು. ನಿಮ್ಮಪ್ಪ ಸುತ್ತಿ ಎತ್ಕೊಂಡು ಹೋಗೋವಾಗ ನಾನು ಕೂಗ್ದೆ, ಹೊದಿಕೆ ಬಿಚ್ಚಿಕೊಳ್ಳುತ್ತೆ, ನಿಲ್ಲು ಅಂತ. ನನ್ನ ಎದೆಮೇಲಿದ್ದ ಪಿನ್ನು ತೆಗೆದು ಹೊದಿಕೆಗೆ ಸಿಕ್ಕಿಸ್ದೆ. ಅಷ್ಟೇ ನಾನು ಅವಳಿಗೆ ಮಾಡಿದ್ದು."

"ಎಲ್ಲಿಗೆ ಎತ್ಕೊಂಡು ಹೋದ ಅಪ್ಪ?"

"ಹಿಮ ಕರಗೋವರೆಗೂ ಕೇಳೋ ಧೈರ್ಯ ಬರ್ಲಿಲ್ಲ. ಆಮೇಲೆ ಹೇಳ್ದ, ದೀಕ್ಷಾಸ್ನಾನ ಆಗ್ದಿದ್ರೂ ಪಾದ್ರಿ ಒಪ್ಕೊಂಡ್ರು, ಚರ್ಚಿನ ಹಿಂದೆ ಬಡಗಣ ಗೋಡೆ ಮೂಲೇಲಿ ಮಲಗಿಸಿದ್ದೀನಿ ಅಂತ."

ಆ ಮೂಲೆ ನನಗೆ ಗೊತ್ತು. ಪ್ರತಿ ಫೆಬ್ರವರಿಯಲ್ಲೂ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗುವವಳು ನಾನೇ. ಕಲ್ಲಿಲ್ಲ, ಹೆಸರಿಲ್ಲ, ಅವಳೇ ನೆಟ್ಟು ಬೆಳೆಸಿದ, ಹಿಮದ ನಡುವೆಯೇ ಅರಳುವ ಬಿಳಿ ಹಿಮಹೂವಿನ ಮೆಳೆ ಅಷ್ಟೆ. ಯಾರಿಗಮ್ಮ ಅಂದರೆ, ಯಾರೂ ಇಲ್ಲದವರಿಗೆ ಕಣೇ ಅನ್ನುತ್ತಿದ್ದಳು. ನಮ್ಮಮ್ಮನಿಗೆ ಎಷ್ಟು ದೊಡ್ಡ ಮನಸ್ಸು ಎಂದುಕೊಂಡು ನಾನು ಕಾರಿನಲ್ಲಿ ರೇಡಿಯೋ ಕೇಳುತ್ತ ಕೂತಿರುತ್ತಿದ್ದೆ.

"ಥೆಲ್ಮಾ," ಅಂದಳು ಅಮ್ಮ. "ಯಾರಿಗೂ ಬೇಡವಾದ ಮಗು ಅಂದ್ಯಲ್ಲ."

"ಅದು ಜೂಲಿಯನ್ ಬರೆದಿದ್ದು ಅಮ್ಮ."

"ದನಿ ನಿಂದು."

ನಾನು ಟ್ಯಾಬ್ಲೆಟ್ ಆರಿಸಿ ಮಗುಚಿಟ್ಟೆ.

ಮಾರನೆಯ ದಿನ ಬೆಳಗ್ಗೆ ಮ್ಯೂಸಿಯಮ್ಮಿಗೆ ಹೋದವಳು ಗಾಜು ಒರೆಸಲಿಲ್ಲ. ಆ ಪೆಟ್ಟಿಗೆಯ ಕಡೆ ನೋಡಲೂ ಆಗಲಿಲ್ಲ. ಜೂಲಿಯನ್ ಕೋಟು ಬಿಚ್ಚುವ ಮೊದಲೇ ಎಲ್ಲ ಹೇಳಿಬಿಟ್ಟೆ. ಅವನು ಕೇಳಿ, ನನ್ನ ತೋಳು ಮುಟ್ಟಿ, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದ.

"ಥೆಲ್ಮಾ, ಪಿನ್ನು ನಿಜವಾಗ್ಲೂ ರೋಮನ್. ಅದರಲ್ಲಿ ಅನುಮಾನಾನೇ ಇಲ್ಲ. ಅದಕ್ಕೇ ಮಗೂನೂ..."

ಅಲ್ಲಿಗೆ ನಿಲ್ಲಿಸಿದ. ಪಿನ್ನು ರೋಮನ್ನರದ್ದಾದ್ದರಿಂದ ಮಗುವೂ ಅವರದ್ದು. ಐವತ್ತು ವರ್ಷದಿಂದ ಎಲ್ಲರೂ ಹಾಗೆಯೇ ಹೇಳಿಕೊಂಡು ಬಂದಿದ್ದರು. ಯೂನಿವರ್ಸಿಟಿಯವರು ಕೂಡ ನಮ್ಮ ಊರಿನವರ ಹಾಗೆಯೇ ಯೋಚಿಸಿದ್ದರು. ಮೂಳೆಯನ್ನು ಪರೀಕ್ಷೆ ಮಾಡಿಸಬೇಕು ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಅಗೆದಾಗ ಕೂಸು ತೀರಾ ಮೇಲೆಯೇ ಸಿಕ್ಕಿತ್ತಂತೆ. ಮೇಲಿನ ಮಣ್ಣು ಮಳೆಗೆ ಕೊಚ್ಚಿಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದರು. ಜೂಲಿಯನ್ ಪರದೆಯಲ್ಲಿ ಸೂಜಿಯನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ. ಆಮೇಲೆ ಕುರ್ಚಿ ಪಕ್ಕದಲ್ಲೇ ಇದ್ದರೂ ನೆಲದ ಮೇಲೆ ಕೂತುಬಿಟ್ಟ.

"ನಿಮ್ ಕೈಯಲ್ಲಿ ಓದಿಸಿದ್ನಲ್ಲ," ಅಂದ. "ಮತ್ತೆ ಮತ್ತೆ ಓದಿಸಿದ್ನಲ್ಲ ಥೆಲ್ಮಾ."

ಆ ಪುಟವನ್ನು ಅವನು ಆಗಲೇ ತೆಗೆದುಹಾಕಿದ. ಪೆಟ್ಟಿಗೆಗೆ ಬಟ್ಟೆ ಹೊದಿಸಿದ. ಮೂಳೆಯ ಚೂರೊಂದು ಪರೀಕ್ಷೆಗೆ ಹೋಯಿತು. ನನ್ನ ಬಾಯೊಳಗೆ ಹತ್ತಿ ಸುತ್ತಿದ ಕಡ್ಡಿ ತಿರುಗಿಸಿ, ಅದನ್ನೂ ಕಳಿಸಿದರು. ಪೊಲೀಸಿನವಳು ಒಬ್ಬಳು ಬಂದು, ಟೋಪಿ ಕಂಕುಳಲ್ಲಿಟ್ಟುಕೊಂಡು, ಅಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಅವಳು ಹೋಗುವಾಗ ಅಳುತ್ತಿದ್ದಳು. ಅಮ್ಮ ಅಳಲಿಲ್ಲ.

ಕಾಯುವ ದಿನಗಳಲ್ಲಿ ಒಂದು ಮಧ್ಯಾಹ್ನ ಅಮ್ಮ ಚರ್ಚಿಗೆ ಕರೆದುಕೊಂಡು ಹೋಗು ಅಂದಳು. ಈ ಸಲ ನಾನು ಕಾರಿನಲ್ಲಿ ಕೂರಲಿಲ್ಲ. ಬಡಗಣ ಮೂಲೆಯಲ್ಲಿ ಹೂವಿನ ಕಾಲ ಮುಗಿದು ಎಲೆಗಳು ಹಳದಿಯಾಗಿದ್ದವು. ಅಮ್ಮ ಊರುಗೋಲಿನಿಂದ ಆ ನೆಲವನ್ನು ತಟ್ಟಿದಳು. ಒಂದು ಸಲ, ಇನ್ನೊಂದು ಸಲ, ಆಮೇಲೆ ಸಿಟ್ಟಿನಿಂದ ಚುಚ್ಚಿದಳು.

"ಇಲ್ಲಿ ಏನೂ ಇಲ್ವಲ್ಲೇ," ಅಂದಳು. "ಇಷ್ಟು ವರ್ಷ ಬರೀ ಮಣ್ಣಿನ ಹತ್ರ ಮಾತಾಡಿದ್ನಾ? ಸ್ವೆಟರ್ ಹೆಣೀತಿದ್ದೀನಿ ಅಂತ ಹೇಳಿದ್ದೀನಿ ಇಲ್ಲಿ. ನೀನು ಹುಟ್ಟಿದೆ ಅಂತ ಹೇಳಿದ್ದೀನಿ. ಯಾರಿಗೆ ಹೇಳ್ದೆ?"

ಅವಳನ್ನು ಹಿಡಿದುಕೊಳ್ಳಲು ಹೋದೆ. ಕೈ ಕೊಡವಿಬಿಟ್ಟಳು. ವಾಪಸು ಬರುವಾಗ ಅಪ್ಪನ ಸಮಾಧಿಯ ಮುಂದೆ ಹಾದುಬಂದೆವು. ಅವಳು ತಲೆ ತಿರುಗಿಸಲಿಲ್ಲ.

ಅಪ್ಪ ಯಾಕೆ ಹಾಗೆ ಮಾಡಿದ ಎಂಬುದನ್ನು ನಾನು ಮನಸ್ಸಿನಲ್ಲೇ ಕಟ್ಟಿ ನೋಡಿದೆ. ದಾರಿಯೆಲ್ಲ ಹಿಮ, ಚರ್ಚಿನವರೆಗೆ ಹೋಗುವ ಹಾಗಿಲ್ಲ. ನೆಲ ಕಲ್ಲಾಗಿತ್ತು. ಕೋಟೆಯ ಏಣಿನ ಮೇಲೆ ಮಾತ್ರ ಗಾಳಿ ಹಿಮವನ್ನು ನಿಲ್ಲಗೊಡುವುದಿಲ್ಲ, ವಸತಿಯ ಗೋಡೆಯ ಮೂಲೆಯಲ್ಲಿ ಮೊಲ ಬಗೆದು ಸಡಿಲವಾದ ಮಣ್ಣು. ಪಿನ್ನು ಸಿಕ್ಕಿದ್ದೂ ಅಲ್ಲೇ. ಹಿಮ ಕರಗಿದ ಮೇಲೆ ಚರ್ಚಿಗೆ ಕೊಂಡೊಯ್ದರಾಯಿತು ಎಂದುಕೊಂಡಿರಬೇಕು. ಹಿಮ ಕರಗಿದಾಗ ಮತ್ತೆ ಅಗೆಯಲು ಕೈ ಬಂದಿರಲಿಕ್ಕಿಲ್ಲ. ಅಷ್ಟರಲ್ಲಿ ಅಮ್ಮ ಎಲ್ಲಿ ಎಂದು ಕೇಳಿದಳು, ಅವನು ಚರ್ಚು ಅಂದುಬಿಟ್ಟ.

ವರದಿ ಬಂದ ದಿನ ಮ್ಯೂಸಿಯಮ್ಮಿಗೆ ರಜೆ. ಜೂಲಿಯನ್ ನನಗೋಸ್ಕರ ಬಾಗಿಲು ತೆಗೆದುಕೊಂಡು ಕಾಯುತ್ತಿದ್ದ.

"ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ, ಹೇಳು."

"ರೋಮನ್ ಅಲ್ಲ," ಅಂದ. "ನಿಮ್ಮಕ್ಕ."

ಗೊತ್ತಿದ್ದದ್ದೇ. ಅಮ್ಮ ಸುಳ್ಳು ಹೇಳುವವಳಲ್ಲ. ಆದರೂ ಆ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು. ನಮ್ಮಕ್ಕ. ಟಿಕೆಟ್ ಕೊಟ್ಟು ಜನರನ್ನು ಒಳಗೆ ಬಿಟ್ಟಿದ್ದೇನೆ. ಹುಡುಗರು ಗಾಜಿಗೆ ಮೂಗು ಒತ್ತಿ ಹಲ್ಲು ಕಿಸಿದಾಗ, ಪರವಾಗಿಲ್ಲ ಬಿಡಿ ಅಂದಿದ್ದೇನೆ. ಅವಳ ಪಕ್ಕದಲ್ಲಿ ಕೂತು ಸ್ಯಾಂಡ್‌ವಿಚ್ ತಿಂದಿದ್ದೇನೆ. ಅವಳ ಹೆಸರೇನು ಎಂದು ಅಮ್ಮನನ್ನು ಇನ್ನೂ ಕೇಳಿರಲೂ ಇಲ್ಲ.

ಆಗ ಇನ್ನೊಂದು ನೆನಪಾಯಿತು. ಅಪ್ಪನಿಗೆ ವಯಸ್ಸಾದ ಮೇಲೆ ಸಂಜೆ ಅವನನ್ನು ಕರೆತರಲು ನಾನೇ ಕಾರು ತಂದು ನಿಲ್ಲಿಸುತ್ತಿದ್ದೆ. ಹೊರಗಿನಿಂದ ನೋಡಿದರೆ ಒಂದೊಂದೇ ದೀಪ ಆರುತ್ತ ಬರುತ್ತಿತ್ತು. ಮೂಲೆಯ ಪೆಟ್ಟಿಗೆಯದು ಮಾತ್ರ ಬಹಳ ಹೊತ್ತು ಉರಿಯುತ್ತಿತ್ತು. ಕೊನೆಗೆ ಅದೂ ಆರಿ ಅಪ್ಪ ಬಾಗಿಲಿಗೆ ಬರುವಾಗ ಅವನ ಟೋಪಿ ಕೈಯಲ್ಲಿರುತ್ತಿತ್ತು. ಹುಲ್ಲು ಕತ್ತರಿಸಿ ತಲೆ ಬೆವತಿರಬೇಕು ಎಂದುಕೊಳ್ಳುತ್ತಿದ್ದೆ. ಡಿಸೆಂಬರಿನಲ್ಲಿ ಯಾರು ಹುಲ್ಲು ಕತ್ತರಿಸುತ್ತಾರೆ ಎಂದು ಒಂದು ಸಲವೂ ಯೋಚಿಸಲಿಲ್ಲ.

ಅಮ್ಮನಿಗೆ ವರದಿ ಹೇಳಿದೆ. ಟೋಪಿಯ ವಿಷಯವನ್ನೂ ಹೇಳಿದೆ. ಅಪ್ಪನ ಮೇಲಿನ ಅವಳ ಸಿಟ್ಟು ಸ್ವಲ್ಪ ಇಳಿಯಲಿ ಎಂಬ ಆಸೆ ನನಗೆ. ಅವಳು ಕೂತಲ್ಲೇ ಸೆಟೆದಳು.

"ಅವನಿಗೆ ಗೊತ್ತಿತ್ತಾ? ಅವಳು ಅಲ್ಲಿದ್ದಾಳೆ ಅಂತ?"

"ಆ ಹುಡುಗರು ಅಗೆದಾಗ ಬೇಲಿ ಹತ್ರ ನಿಂತು ನೋಡಿರ್ಬೇಕು ಅಮ್ಮ. ಗೊತ್ತಿಲ್ದೆ ಕುರಿ ಬಿಟ್ಟು ಈ ಕೆಲ್ಸಕ್ಕೆ ಸೇರ್ತಿದ್ನಾ?"

"ಹಾಗಾದ್ರೆ ಹೇಳೋಕೆ ಬಾಯಿ ಇರ್ಲಿಲ್ವಾ ಅವನಿಗೆ?"

"ಪೊಲೀಸ್ರ ಭಯ ಇದ್ದಿರ್ಬೇಕು."

"ಪೊಲೀಸ್ರ ಭಯ ಅಲ್ಲ ಕಣೇ. ನನ್ ಭಯ." ಆಮೇಲೆ ಊರುಗೋಲು ಹತ್ತಿರಕ್ಕೆ ಎಳೆದುಕೊಂಡು, "ನನ್ನನ್ನ ಕರ್ಕೊಂಡು ಹೋಗು," ಅಂದಳು.

ಮಾರನೆಯ ದಿನ ಅಮ್ಮ ಚರ್ಚಿಗೆ ಹೋಗುವ ಕಪ್ಪು ಕೋಟು ಹಾಕಿಕೊಂಡು ಮೊದಲ ಸಲ ಮ್ಯೂಸಿಯಮ್ಮಿನ ಹೊಸ್ತಿಲು ದಾಟಿದಳು. ಜೂಲಿಯನ್ ಟೈ ಕಟ್ಟಿಕೊಂಡು ಬಂದಿದ್ದ. ಗಾಜಿನ ಮುಚ್ಚಳ ತೆಗೆದು, ಕೂಸನ್ನು ತಟ್ಟೆಯ ಸಮೇತ ಎತ್ತಿ ಮೇಜಿನ ಮೇಲಿಟ್ಟ. ಅಭ್ಯಾಸಬಲದಿಂದ ತೆಳು ಕೈಗವಸು ಕೊಡಲು ಹೋದ, ತಕ್ಷಣ ನಾಚಿಕೊಂಡು ಜೇಬಿಗೆ ಹಾಕಿಕೊಂಡ.

"ಮುಟ್ಟಬಹುದಾ?" ಅಂದಳು ಅಮ್ಮ. ಅವಳು ಯಾರನ್ನಾದರೂ ಅಪ್ಪಣೆ ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಿಮ್ಮ ಮಗು," ಅಂದ ಜೂಲಿಯನ್.

ಅಮ್ಮ ಕತ್ತು ಓರೆ ಮಾಡಿ ನೋಡಲು ಹವಣಿಸಿದಳು. ಆಗಲಿಲ್ಲ. ಕಣ್ಣು ಮುಚ್ಚಿಕೊಂಡು ಬೆರಳುಗಳನ್ನು ಇಳಿಸಿದಳು. ಅವಳ ಬೆರಳಿನ ಗೆಣ್ಣುಗಳು ಆ ತೊಡೆಯ ಮೂಳೆಗಿಂತ ದಪ್ಪಗಿದ್ದವು. ಪಕ್ಕೆಲುಬುಗಳನ್ನು ಒಂದೊಂದಾಗಿ ಸವರಿದಳು. ತಲೆಯ ಹತ್ತಿರ ಬಂದಾಗ ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ ಹಾಗೆಯೇ ಇಟ್ಟುಕೊಂಡಳು.

"ನೋಡಿದ್ರೆ ಮರೆಯೋಕಾಗಲ್ಲ ಅಂದ್ರು," ಅಂದಳು. "ನೋಡ್ದೇನೂ ಮರೀಲಿಲ್ಲ."

ನಾನು ಹೆಸರು ಕೇಳಿದ್ದು ಆಗ. ಮೇವಿಸ್ ಅಂದಳು. ಆ ಹೆಸರನ್ನು ಅಪ್ಪನಿಗೂ ಹೇಳಿರಲಿಲ್ಲವಂತೆ.

ಕೂಸನ್ನು ಹೂಳುವ ಮಾತು ಬಂದಾಗ ಜೂಲಿಯನ್ ಮೆಲ್ಲಗೆ, "ವಿಲ್ಫ್ ಅವರ ಪಕ್ಕದಲ್ಲಿ ಜಾಗ ಇದೆಯಂತೆ. ಪಾದ್ರಿಗಳನ್ನ ಕೇಳಿದ್ದೀನಿ," ಅಂದ. ನನಗೂ ಅದೇ ಸರಿ ಅನ್ನಿಸಿತ್ತು.

"ಬೇಡ," ಅಂದಳು ಅಮ್ಮ. "ಅವನು ದಿನಾ ಸಂಜೆ ನೋಡಿದ್ದಾನೆ. ಟೋಪಿ ತೆಗೆದು ನಿಂತು, ಕಣ್ತುಂಬ ನೋಡಿದ್ದಾನೆ. ನಾನು ಹೊರಗೆ ಮಣ್ಣಿಗೆ ಹೂವು ಹಾಕ್ತಿದ್ದೆ. ಅವನ ಪಾಲು ಅವನಿಗೆ ಸಿಕ್ಕಾಯ್ತು."

"ಮತ್ತೆ ಎಲ್ಲಿ ಅಮ್ಮ?"

"ಬಡಗಣ ಮೂಲೇಲಿ. ನನ್ನ ಹೂವಿನ ಕೆಳಗೆ. ಅಲ್ಲಿ ಹೇಳಿದ್ದೆಲ್ಲ ಅವಳಿಗೇ ಹೇಳಿದ್ದು. ಅವಳೇ ಬರ್ಲಿ ಅಲ್ಲಿಗೆ."

ಪಿನ್ನಿನ ವಿಷಯದಲ್ಲಿ ಜೂಲಿಯನ್ ತನ್ನ ಮೇಲಿನವರ ಜೊತೆ ಜಗಳವಾಡಬೇಕಾಯಿತು. ಅದು ಅಪ್ಪಟ ರೋಮನ್ ವಸ್ತು, ಮಣ್ಣಿಗೆ ಹಾಕುವ ಹಾಗಿಲ್ಲ ಎಂದರಂತೆ. ಏನು ಮಾತಾಡಿದನೋ ಗೊತ್ತಿಲ್ಲ, ಹೂಳುವ ದಿನ ಕಿಸೆಯಿಂದ ತೆಗೆದು ಅಮ್ಮನ ಕೈಗಿಟ್ಟ. ಹಿಮಹೂವಿನ ಗೆಡ್ಡೆಗಳನ್ನು ಮಣ್ಣಿನ ಸಮೇತ ಎತ್ತಿ ಪಕ್ಕಕ್ಕಿಟ್ಟಿದ್ದರು. ಅಮ್ಮ ಹೊಸ ಹೊದಿಕೆ ಹೆಣೆದಿದ್ದಳು. ಕಣ್ಣು ಕಾಣದೆ ಹೆಣೆದದ್ದು, ಅಲ್ಲಲ್ಲಿ ಎಳೆ ತಪ್ಪಿತ್ತು. ಪಿನ್ನು ಸಿಕ್ಕಿಸಲು ನಾನು ಕೈ ಚಾಚಿದಾಗ, ನನಗೆ ಗೊತ್ತು ಬಿಡು ಎಂದು ಗದರಿದಳು. ಸಿಕ್ಕಿಸಿದಳು. ಮೇಲೆ ಮಣ್ಣು, ಅದರ ಮೇಲೆ ಗೆಡ್ಡೆಗಳು.

ಇಂಟರ್‌ನೆಟ್ಟಿನಲ್ಲಿ ಈಗ ಕೂಸಿಲ್ಲ, ಪಿನ್ನಿನ ಚಿತ್ರ ಮಾತ್ರ ಇದೆ. ಬೆರಳಾಡಿಸಿದರೆ ತಿರುಗುತ್ತದೆ, ಎಡಕ್ಕೆ ಸುತ್ತಿದ ಸೂಜಿ ಕಾಣುತ್ತದೆ. ಅದಕ್ಕೆ ಹೊಸದಾಗಿ ದನಿ ಕೊಡಿ ಎಂದು ಜೂಲಿಯನ್ ನನ್ನನ್ನು ಕೇಳಿದಾಗ ಆಗುವುದಿಲ್ಲ ಅಂದೆ. ಅಮ್ಮ ತಾನು ಹೇಳುತ್ತೇನೆ ಅಂದಳು. ಅವಳ ಅಡುಗೆಮನೆಯಲ್ಲೇ, ಟೀ ಪಾತ್ರೆಯ ಪಕ್ಕದಲ್ಲಿ ಮೈಕು ಇಟ್ಟೆವು. ಜೂಲಿಯನ್ ಎರಡನೇ ಶತಮಾನ, ಕಂಚು, ಉದ್ದಗಲ ಎಂದು ಏನೇನೋ ಹೇಳಿಕೊಡಲು ಶುರುಮಾಡಿದ. "ಅದೆಲ್ಲ ನೀನು ಬರ್ಕೊಳಪ್ಪ," ಎಂದು ಅಮ್ಮ ಮೈಕಿನ ಕಡೆ ತಿರುಗಿದಳು.

"ಈ ಸೂಜಿ ನಂದು. ಸುತ್ತಿದ್ದು ವಿಲ್ಫ್ ಹೆಡ್ಲಿ, ನನ್ನ ಗಂಡ. ಇದನ್ನ ಸಿಕ್ಕಿಸಿದ್ದು ನಮ್ಮ ಮೇವಿಸ್‌ಗೆ. ಅವಳು ನಮಗೆ ಬೇಕಾಗಿತ್ತು."

ಅಷ್ಟೇ ಹೇಳಿ ಮೈಕನ್ನು ದೂರ ತಳ್ಳಿದಳು. ನಾನು ಮೂಗು ಎಳೆದದ್ದು ಅದರಲ್ಲಿ ದೊಡ್ಡದಾಗಿ ಸೇರಿಕೊಂಡುಬಿಟ್ಟಿತ್ತು. ಇನ್ನೊಂದು ಸಲ ಹೇಳಮ್ಮ, ನಾನು ಸದ್ದು ಮಾಡಿ ಕೆಡಿಸಿಬಿಟ್ಟೆ ಅಂದೆ.

"ಇರ್ಲಿ ಬಿಡು," ಅಂದಳು. "ಅವಳ ತಂಗಿ ದನೀನೂ ಇರ್ಲಿ ಅದ್ರಲ್ಲಿ."